ಗಡ್ಡವಿರುವ ಬಾಣಂತಿ

1932ರಲ್ಲಿ ಬಂದ ‘ಫ್ರೀಕ್ಸ್’ ಸಿನಿಮಾವನ್ನು ಎಲ್ಲರೂ ಹಾರರ್ ಪಟ್ಟಿಗೆ ಸೇರಿಸುತ್ತಾರೆ. ಸರ್ಕಸ್ಸಿನ ಜನರ ಕಥೆ. ಟಾಡ್ ಬ್ರೌನಿಂಗ್ ನಿರ್ದೇಶಿಸಿದ್ದು, ಹಾಲಿವುಡ್ಡಿನ ಎಂಜಿಎಂ ಕಂಪನಿಯದ್ದು. ನನ್ನ ಮನಸ್ಸಿನಲ್ಲಿ ಕೂತಿರುವುದು ಮಾತ್ರ ಅದರಲ್ಲಿರುವ ಒಂದು ಬಾಣಂತಿ ಕೋಣೆ. ಗಡ್ಡವಿರುವ ಹೆಂಗಸೊಬ್ಬರು ಹಾಸಿಗೆಯಲ್ಲಿ ಮಲಗಿದ್ದಾರೆ. ಈಗಷ್ಟೇ ಹೆರಿಗೆಯಾಗಿದೆ. ಮಗುವಿನ ಅಪ್ಪ ಬರೀ ಮೂಳೆ ಚರ್ಮದಂತಿರುವ ತೆಳ್ಳನೆಯ ಮನುಷ್ಯ, ಅವನೂ ಅದೇ ಸರ್ಕಸ್ಸಿನವನು. ಗೆಳೆಯರು ಮಗು ನೋಡಲು ಬಂದಿದ್ದಾರೆ. ಹೆಣ್ಣು ಮಗು ಅಂತ ಗೊತ್ತಾದಾಗ ಜೋಕರ್‌ಗೆ ಖುಷಿಯೋ ಖುಷಿ. ಇದಕ್ಕೂ ಗಡ್ಡ ಬರುತ್ತೆ ಅಂತ ಸಂಭ್ರಮ!

ಆ ಕೋಣೆಯಲ್ಲಿ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ, ಯಾರೂ ಬೆಚ್ಚಿ ಬೀಳುವುದಿಲ್ಲ. ಮಗು ಹುಟ್ಟಿದ ಮನೆ ಹೇಗಿರುತ್ತೋ ಹಾಗೇ ಇದೆ. ಗಡ್ಡವಿರುವ ಹೆಂಗಸನ್ನು ಇಷ್ಟು ಸಹಜವಾಗಿ ತೋರಿಸಿದ ದೃಶ್ಯವನ್ನು ನಾನು ಬೇರೆ ಯಾವ ಸಿನಿಮಾದಲ್ಲೂ ನೋಡಿಲ್ಲ.

ಆ ಪಾತ್ರ ಮಾಡಿದವರು ಜೇನ್ ಬಾರ್ನೆಲ್. ಸಿನಿಮಾದಲ್ಲಿ ಅವರ ಹೆಸರು ಓಲ್ಗಾ ರಾಡರಿಕ್ ಅಂತಿದೆ, ಸರ್ಕಸ್ಸಿನಲ್ಲಿ ಲೇಡಿ ಓಲ್ಗಾ. ಅಮೆರಿಕದ ನಾರ್ತ್ ಕೆರೊಲಿನಾದವರು. ಗಡ್ಡ ಅವರದೇ, ಒಂದು ಅಡಿಗಿಂತ ಉದ್ದ. 1940ರಲ್ಲಿ ಜೋಸೆಫ್ ಮಿಚೆಲ್ ಎಂಬ ಪತ್ರಕರ್ತರು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಅವರ ಬಗ್ಗೆ ದೊಡ್ಡ ಲೇಖನ ಬರೆದರು. ಆಗಲೂ ಬಾರ್ನೆಲ್ ನ್ಯೂಯಾರ್ಕಿನ ಹ್ಯೂಬರ್ಟ್ಸ್ ಮ್ಯೂಸಿಯಂನಲ್ಲಿ ಪ್ರದರ್ಶನ ಕೊಡುತ್ತಿದ್ದರು. ತಮ್ಮನ್ನು ನಾಲ್ಕನೇ ವಯಸ್ಸಿನಲ್ಲೇ ತಾಯಿ ಒಂದು ಸರ್ಕಸ್ಸಿಗೆ ಕೊಟ್ಟುಬಿಟ್ಟರು ಎಂದು ಅವರು ಅದರಲ್ಲಿ ಹೇಳಿಕೊಂಡಿದ್ದಾರೆ. ದೊಡ್ಡವರಾದ ಮೇಲೆ ಗಡ್ಡ ಬೋಳಿಸಿಕೊಂಡು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯಲು ಹೋಗಿದ್ದರಂತೆ. ಕೊನೆಗೆ ಸರ್ಕಸ್ಸಿಗೇ ವಾಪಸ್.

ಬಾರ್ನೆಲ್‌ಗೆ ‘ಫ್ರೀಕ್ಸ್’ ಇಷ್ಟವಾಗಲಿಲ್ಲ. ತಮ್ಮಂಥವರಿಗೆಲ್ಲ ಅದು ಅವಮಾನ ಅಂತ ಅಂದುಕೊಂಡರು, ನಟಿಸಿದ್ದಕ್ಕೆ ಬೇಸರ ಪಟ್ಟರು.

ನನಗೆ ಇಷ್ಟು ಇಷ್ಟವಾದ ದೃಶ್ಯ, ಅದರಲ್ಲಿ ಮಲಗಿದ್ದವರಿಗೇ ಬೇಡವಾಗಿತ್ತು. ಯಾಕೆ ಅನ್ನುವುದು ಸಿನಿಮಾದ ಕೊನೆ ನೋಡಿದರೆ ತಿಳಿಯುತ್ತದೆ. ಒಂದು ಗಂಟೆ ಹೊತ್ತು ಈ ಜನ ಊಟ ಮಾಡುವುದನ್ನು, ಪ್ರೀತಿಸುವುದನ್ನು, ಬಟ್ಟೆ ಒಣಗಿಸುವುದನ್ನು ತೋರಿಸುತ್ತಾ ಬಂದ ಬ್ರೌನಿಂಗ್, ಕೊನೆಗೆ ಅವರ ಕೈಗೇ ಚಾಕು ಕೊಟ್ಟು, ಮಳೆಯ ಕೆಸರಿನಲ್ಲಿ ತೆವಳಿಸಿ, ನಮ್ಮನ್ನು ಹೆದರಿಸಲು ಬಳಸಿಕೊಂಡುಬಿಟ್ಟರು. ಚಿತ್ರೀಕರಣದ ದಿನಗಳಲ್ಲೂ ಅಷ್ಟೇ. ಇವರ ಜೊತೆ ಕೂತು ಊಟ ಮಾಡಲು ಆಗಲ್ಲ ಅಂತ ಸ್ಟುಡಿಯೋದವರು ಗಲಾಟೆ ಮಾಡಿದರು. ಹೆಚ್ಚಿನವರಿಗೆ ಹೊರಗೆ ಬೇರೆ ಮೇಜು ಹಾಕಿದರು. ನಮಗೆ ಪಂಕ್ತಿಭೇದ ಹೊಸದಲ್ಲ, ಹೊರಗೆ ಕೂರಿಸುವುದರ ಅರ್ಥ ನಮಗೆ ಯಾರೂ ವಿವರಿಸಬೇಕಿಲ್ಲ. ಸಿನಿಮಾ ಕತ್ತರಿಸಿ ಕತ್ತರಿಸಿ 64 ನಿಮಿಷಕ್ಕೆ ಇಳಿಸಿದರು. ಬ್ರಿಟನ್ನಿನಲ್ಲಿ 1963ರವರೆಗೂ ಅದಕ್ಕೆ ನಿಷೇಧ ಇತ್ತು.

ಇಷ್ಟೆಲ್ಲ ಇದ್ದರೂ 2017ರ ‘ದಿ ಗ್ರೇಟೆಸ್ಟ್ ಶೋಮ್ಯಾನ್’ಗಿಂತ ನನಗೆ ಈ ಹಳೆ ಸಿನಿಮಾನೇ ಜಾಸ್ತಿ ಹತ್ತಿರ. ಹೊಸದರಲ್ಲಿ ಗಡ್ಡದ ಹೆಂಗಸಿನ ಪಾತ್ರ ಮಾಡಿದ್ದು ಕೀಲಾ ಸೆಟಲ್. ಅದ್ಭುತ ಗಾಯಕಿ. ಅವರು ಹಾಡಿದ ಹಾಡಿಗೆ ಗೋಲ್ಡನ್ ಗ್ಲೋಬ್ ಬಂತು. ಅದನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಂಡವರನ್ನು ನಾನು ಬಲ್ಲೆ, ಅವರ ಕಣ್ಣೀರು ನಿಜ. ಆದರೆ ಗಡ್ಡ ಅಂಟಿಸಿದ್ದು. ಅದಕ್ಕಿಂತ ನೋವಿನ ವಿಷಯ ಏನಂದರೆ, ಆ ಕಥೆಯಲ್ಲಿ ಅಮೆರಿಕದ ಸರ್ಕಸ್ ಮಾಲೀಕ ಪಿ. ಟಿ. ಬಾರ್ನಮ್ ಎಲ್ಲರನ್ನೂ ಅಪ್ಪಿಕೊಳ್ಳುವ ಕನಸುಗಾರ. ನಿಜವಾದ ಬಾರ್ನಮ್ ಈ ವ್ಯಾಪಾರ ಶುರು ಮಾಡಿದ್ದು 1835ರಲ್ಲಿ, ಜಾಯ್ಸ್ ಹೆತ್ ಎಂಬ ಕಣ್ಣು ಕಾಣದ ಕಪ್ಪು ಮುದುಕಿಯಿಂದ. ಅವರು ಗುಲಾಮಳಾಗಿದ್ದವರು. ಅವರಿಗೆ 161 ವರ್ಷ, ಜಾರ್ಜ್ ವಾಷಿಂಗ್ಟನ್ನರನ್ನು ಎತ್ತಿ ಆಡಿಸಿದವರು ಅಂತ ಸುಳ್ಳು ಹೇಳಿ ಊರೂರಲ್ಲಿ ತೋರಿಸಿದ. ಮರುವರ್ಷ ಅವರು ತೀರಿಕೊಂಡಾಗ ಶವ ಕೊಯ್ಯುವುದನ್ನು ನೋಡಲಿಕ್ಕೂ ಜನರಿಂದ 50 ಸೆಂಟ್ ವಸೂಲಿ ಮಾಡಿದ. ಸಿನಿಮಾದಲ್ಲಿ ಜಾಯ್ಸ್ ಹೆತ್ ಇಲ್ಲವೇ ಇಲ್ಲ. ಅವರನ್ನು ಬಿಟ್ಟು ಬಾರ್ನಮ್ ಕಥೆ ಹೇಳುವುದು ನನ್ನ ಪಾಲಿಗೆ ಮೋಸವೇ.

ಈ ವ್ಯಾಪಾರ ಎಲ್ಲಿಯವರೆಗೆ ಹೋಗುತ್ತದೆ ಅಂತ ಮುಚ್ಚುಮರೆಯಿಲ್ಲದೆ ತೋರಿಸಿದ್ದು ಇಟಲಿಯ ಮಾರ್ಕೊ ಫೆರೇರಿ. 1964ರಲ್ಲಿ ಅವರು ಮಾಡಿದ ಸಿನಿಮಾದಲ್ಲಿ ಮೈತುಂಬ ಕೂದಲಿರುವ ಹೆಂಗಸನ್ನು ಒಬ್ಬ ಮದುವೆಯಾಗುತ್ತಾನೆ, ದುಡ್ಡಿಗೆ ತೋರಿಸುತ್ತಾನೆ. ಆಕೆ ಹೆರಿಗೆಯಲ್ಲಿ ಸತ್ತ ಮೇಲೂ ಪ್ರದರ್ಶನ ನಿಲ್ಲುವುದಿಲ್ಲ. ಇದು ಕಟ್ಟುಕಥೆ ಅನ್ನಿಸಬಹುದು. ಹಿಂದೆ ಇರುವುದು ಮೆಕ್ಸಿಕೋದ ಜೂಲಿಯಾ ಪಾಸ್ತ್ರಾನಾ ಅವರ ಬದುಕು. ಚೆನ್ನಾಗಿ ಹಾಡುತ್ತಿದ್ದರು, ಕುಣಿಯುತ್ತಿದ್ದರು. 1860ರಲ್ಲಿ ಮಾಸ್ಕೋದಲ್ಲಿ ಹೆತ್ತರು. ಮಗು ಉಳಿಯಲಿಲ್ಲ, ಕೆಲವೇ ದಿನಗಳಲ್ಲಿ ಅವರೂ ಹೋದರು. ಗಂಡ ಥಿಯೋಡೋರ್ ಲೆಂಟ್ ತಾಯಿ ಮಗು ಇಬ್ಬರ ಶವವನ್ನೂ ಕೆಡದಂತೆ ಮಾಡಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಟಿಕೆಟ್ ಮಾರಿದ. ಆಮೇಲೆ ಗಡ್ಡವಿರುವ ಇನ್ನೊಬ್ಬ ಹೆಂಗಸನ್ನು ಮದುವೆಯಾಗಿ, ಇವಳು ಜೂಲಿಯಾಳ ತಂಗಿ ಅಂತ ತೋರಿಸಿದ. ಜೂಲಿಯಾರ ಶವ ಕೊನೆಗೆ ನಾರ್ವೆ ಸೇರಿತ್ತು. ಲಾರಾ ಆಂಡರ್ಸನ್ ಬರ್ಬಾತಾ ಎಂಬ ಕಲಾವಿದೆ ವರ್ಷಗಟ್ಟಲೆ ಪಟ್ಟು ಹಿಡಿದಿದ್ದರಿಂದ 2013ರಲ್ಲಿ ಅವರ ಊರಿನ ಸೀಮೆಯಲ್ಲೇ ಮಣ್ಣಾದರು. ಸತ್ತು 153 ವರ್ಷ ಆದ ಮೇಲೆ.

ಹಾಗಂತ ಸರ್ಕಸ್ ಡೇರೆಯೇ ನರಕ, ಎಲ್ಲರನ್ನೂ ಅಲ್ಲಿಂದ ಬಿಡಿಸಬೇಕಿತ್ತು ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ‘ಫ್ರೀಕ್ಸ್’ನಲ್ಲೇ ನಟಿಸಿದ ಷ್ಲಿಟ್ಸಿ ಅವರನ್ನು ನೋಡಿ. ತುಂಬ ಚಿಕ್ಕ ತಲೆ, ಮಗುವಿನಂಥ ಮನಸ್ಸು. ನೋಡಿಕೊಳ್ಳುತ್ತಿದ್ದವರು ತೀರಿಕೊಂಡ ಮೇಲೆ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಬಾಡಿಹೋದರು. ಕತ್ತಿ ನುಂಗುವ ಕಲಾವಿದರೊಬ್ಬರು ಗುರುತು ಹಿಡಿದು, ಪ್ರಯತ್ನಪಟ್ಟು ಮತ್ತೆ ಪ್ರದರ್ಶನಕ್ಕೆ ಕರೆತಂದರು. ಅಲ್ಲಿ ಮತ್ತೆ ಚಿಗುರಿದರು. ಡೇಸಿ ಮತ್ತು ವಯಲೆಟ್ ಹಿಲ್ಟನ್ ಬೆನ್ನ ಕೆಳಗೆ ಅಂಟಿಕೊಂಡೇ ಹುಟ್ಟಿದ ಅಕ್ಕತಂಗಿಯರು. ಅವರ ಸಂಪಾದನೆಯನ್ನೆಲ್ಲ ಸಾಕಿದವರೇ ನುಂಗಿದರು. 1931ರಲ್ಲಿ ಕೋರ್ಟಿಗೆ ಹೋಗಿ ಗೆದ್ದರು. ವೇದಿಕೆ ಅವರ ಕೈಬಿಟ್ಟ ಮೇಲೆ ದಿನಸಿ ಅಂಗಡಿಯಲ್ಲಿ ಕೆಲಸ ಮಾಡಿ ಬದುಕಿದರು. ಇವರೆಲ್ಲ ದುಡಿಯುವ ಜನ. ದುಡಿಮೆಯ ದುಡ್ಡು ಅವರ ಕೈಗೇ ಬಂತಾ, ಬೇಡ ಅನ್ನುವ ಹಕ್ಕು ಅವರಿಗಿತ್ತಾ, ನನಗೆ ಮುಖ್ಯ ಅದು.

ನಮ್ಮ ಕನ್ನಡ ಸಿನಿಮಾಗಳಲ್ಲೂ ಕುಳ್ಳಗಿರುವವರು, ದಪ್ಪಗಿರುವವರು ಬಂದ ಕೂಡಲೇ ಹಿಂದೆ ಒಂದು ಪೀಪಿ ಊದುತ್ತದೆ. ನಗಬೇಕು ಅಂತ ಸೂಚನೆ. ಮೀಸೆ ಇರುವ ಗಂಡಸಿಗೆ ಸೀರೆ ಉಡಿಸಿದರೆ ಕಾಮಿಡಿ ಮುಗಿಯಿತು. ಥಿಯೇಟರಿನಲ್ಲಿ ಅದೇ ಸಾಲಿನಲ್ಲಿ ಪಿಸಿಓಎಸ್ ಇರುವ ಹುಡುಗಿ ಕೂತಿರುತ್ತಾಳೆ. ಹಾರ್ಮೋನ್ ಏರುಪೇರಿನಿಂದ ಗಲ್ಲದ ಮೇಲೆ ಕೂದಲು ಬರುತ್ತೆ, ಪಾರ್ಲರಿಗೆ ಹೋಗಿ ತೆಗೆಸಿಕೊಂಡೇ ಮದುವೆ ಮನೆಗೆ ಹೋಗುತ್ತಾಳೆ. ಇದು ಅಪರೂಪದ ಸಂಗತಿ ಅಲ್ಲವೇ ಅಲ್ಲ.

ಕನ್ನಡದಲ್ಲಿ ಕಥೆ ಬರೆಯುವ ಗೆಳೆಯರಿಗೆ ನನ್ನದೊಂದು ಬೇಡಿಕೆ. ಗಡ್ಡವಿರುವ ಹೆಂಗಸಿನ ಪಾತ್ರ ಬರೆಯಿರಿ. ಆಕೆ ಬಾಡಿಗೆ ಮನೆ ಹುಡುಕಲಿ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರಲಿ, ತಮ್ಮನ ಜೊತೆ ಆಸ್ತಿ ಜಗಳ ಆಡಲಿ. ಧೈರ್ಯದ ಭಾಷಣ ಬೇಡ, ಕೊನೆಯಲ್ಲಿ ಶೇವ್ ಮಾಡಿಸುವುದೂ ಬೇಡ. ಆ ಪಾತ್ರಕ್ಕೆ ನಿಜವಾಗಿ ಗಡ್ಡವಿರುವವರನ್ನೇ ಹುಡುಕಿ, ಕಥೆಯನ್ನು ಕೊನೆಯ ಪುಟದವರೆಗೂ ಮೊದಲೇ ಓದಿಸಿ, ಒಳ್ಳೆ ಸಂಭಾವನೆ ಕೊಡಿ. ಊಟಕ್ಕೆ ಎಲ್ಲರ ಜೊತೆಗೇ ಕೂರಿಸಿ.