ಹೆಲ್ಮೆಟ್ ಹಾಕ್ಕೊಂಡು ಬಂದವ್ರಿಗೆ ಭದ್ರಾವತಿಯ ನಮಸ್ಕಾರ

ಮೊನ್ನೆ ಮತ್ತೆ ಪೇಪರಲ್ಲಿ ಬಂತು ನೋಡಿ, ಭದ್ರಾವತಿ ಕಾರ್ಖಾನೆಗೆ ಮರುಜೀವ. ಎಷ್ಟನೇ ಸಲ ಅಂತ ಕೇಳ್ಬೇಡಿ, ಕಾರ್ಖಾನೆ ಕ್ವಾರ್ಟರ್ಸ್ ಇರೋ ನ್ಯೂಟೌನಲ್ಲಿ ಅಂಗನವಾಡಿಗೆ ಹೋಗೋ ಮಗುಗೂ ಈ ಹೆಡ್ಡಿಂಗ್ ಬಾಯಿಪಾಠ. ನಮ್ ವಿಐಎಸ್ಎಲ್, ಅಂದ್ರೆ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆ, ಸತ್ತು ಬದುಕಿದಷ್ಟು ಸಲ ಯಾವ ಸೀರಿಯಲ್ ನಾಯಕಿನೂ ಸತ್ತು ಬದುಕಿಲ್ಲ. 2016ರಲ್ಲಿ ಕೇಂದ್ರ ಸರ್ಕಾರದವ್ರು ಮಾರ್ತೀವಿ ಅಂದ್ರು, ತಗೊಳ್ಳೋರು ಬರ್ಲಿಲ್ಲ ಅಂತ 2022ರಲ್ಲಿ ಮಾರಲ್ಲ ಅಂದ್ರು, ಸದ್ಯ ಉಳೀತು ಅಂತ ನಾವು ಚಾ ಕುಡಿಯೋದ್ರೊಳಗೆ 2023ರ ಜನವರಿಯಲ್ಲಿ ಮುಚ್ಚೇಬಿಡ್ತೀವಿ ಅಂದ್ರು, ಗೇಟ್ ಮುಂದೆ ಧರಣಿ ಶುರುವಾಯ್ತು, ಅಷ್ಟೊತ್ತಿಗೆ ಎಲೆಕ್ಷನ್ನೂ ಬಂತು, ಆಮೇಲೆ ಅದೇ ವರ್ಷ ಮಿಲ್ಲು ಸ್ವಲ್ಪ ತಿರುಗ್ತು. 2024ರಲ್ಲಿ ಉಕ್ಕಿನ ಮಂತ್ರಿ ನಮ್ಮ ಕುಮಾರಸ್ವಾಮಿಯವ್ರೇ ಆದ್ರು, ಊರಿಗೂ ಬಂದ್ರು. ಜೈಕಾರ ಹಾಕಿದ್ವಿ. ಜೈಕಾರ ಹಾಕೋದ್ರಲ್ಲಿ ನಾವ್ಯಾವತ್ತೂ ಕಡ್ಮೆ ಮಾಡಿಲ್ಲ.

ನಂಗೆ ಇದ್ರಲ್ಲಿ ಭಾರೀ ಇಷ್ಟ ಆಗೋದು ಆ ಹೆಲ್ಮೆಟ್ಟು. ಯಾವ ಪಕ್ಷದವ್ರೇ ಬರ್ಲಿ, ಮೊದ್ಲು ಮೈಸೂರು ಪೇಟ, ಅದನ್ನ ತೆಗೆದು ಹೆಲ್ಮೆಟ್ಟು. ಒಂದು ಗೀರಿರಲ್ಲ, ಧೂಳಿರಲ್ಲ, ಯಾವ್ದೋ ಬೀರುವಲ್ಲಿ ಬೀಗ ಹಾಕಿ ಇಟ್ಟಿರ್ತಾರೆ ಅಂತ ಕಾಣುತ್ತೆ. ಫರ್ನೇಸ್ ತಣ್ಣಗಿದೆ, ಮೇಲಿಂದ ಬೀಳೋಕೆ ಪಾರಿವಾಳದ ಹಿಕ್ಕೆ ಬಿಟ್ರೆ ಏನೂ ಇಲ್ಲ, ಆದ್ರೂ ಸೇಫ್ಟಿ ಸೇಫ್ಟಿನೇ ಅಲ್ವ. ಹಿಂದೆ ಮೂವತ್ತು ಜನ ಹಿಂಬಾಲಕ್ರು ಬರಿತಲೆಯಲ್ಲಿ ಸೆಲ್ಫಿ ತೆಗೀತಿರ್ತಾರೆ, ಅವ್ರ ತಲೆ ಬಗ್ಗೆ ಯಾರಿಗೂ ಚಿಂತೆ ಇಲ್ಲ, ಒಳಗೆ ಇದ್ರೆ ತಾನೆ ಅಂತಿರಬಹುದು. ಆಮೇಲೆ ಭಾಷಣ. ಸರ್ ಎಂವಿ ಕನಸಿನ ಕೂಸು ಇದು ಅಂತಾರೆ. ಸ್ವಾಮಿ, 1923ರಲ್ಲಿ ಶುರುವಾದ ಕಾರ್ಖಾನೆ, ನೂರು ದಾಟಿದೆ, ಇನ್ನೂ ಎಷ್ಟ್ ದಿನ ಎತ್ಕೊಂಡು ಫೋಟೋ ತೆಗಿಸ್ಕೊಳ್ತೀರ? ಕೆಮ್ಮಣ್ಣುಗುಂಡಿ ಅದಿರು, ಮಲೆನಾಡು ಕಾಡಿನ ಇದ್ದಿಲು, ಇವೆರಡನ್ನ ಇಟ್ಕೊಂಡು ಆ ಕಾಲ್ದಲ್ಲಿ ಕಬ್ಬಿಣ ತೆಗೆದ ಊರಿಗೆ ಈಗ ಸ್ವಂತ ಗಣಿ ಇಲ್ಲ ಅನ್ನೋದೇ ಕಾಯಿಲೆ ಅಂತೆ. ಕಾಯಿಲೆ ಹೇಳೋಕೆ ಡಾಕ್ಟ್ರುಗಳು ಬರ್ತಾನೇ ಇದಾರೆ, ಔಷಧಿ ಮಾತ್ರ ಡೆಲ್ಲಿಯಿಂದ ಹೊರಟಿಲ್ಲ.

ಬರೀ ಡೆಲ್ಲಿಯವ್ರನ್ನ ಬೈದ್ರೆ ಬೆಂಗಳೂರಿನವ್ರಿಗೆ ಬೇಜಾರಾಗುತ್ತೆ, ಅವ್ರ ಪಾಲೂ ಇದೆ. 1936ರ ಎಂಪಿಎಂ, ಅಂದ್ರೆ ನಮ್ಮೂರಲ್ಲೇ ಇರೋ ಮೈಸೂರು ಪೇಪರ್ ಮಿಲ್ಸ್, ರಾಜ್ಯ ಸರ್ಕಾರದ್ದೇ, ಅದು ನಿಂತು ಸುಮಾರು ಹತ್ತು ವರ್ಷ ಆಗೋಯ್ತು. ಮಿಲ್ಲು ನಿಂತ್ರೂ ಮಿಲ್ಲಿಗೆ ಅಂತ ನೆಟ್ಟ ನೆಡುತೋಪು ನಿಂತಿಲ್ಲ, ಸೊರಬ ಸಾಗರ ತೀರ್ಥಹಳ್ಳಿ ಕಡೆ ಅಕೇಶಿಯಾ ಸೊಗಸಾಗಿ ಬೆಳೀತು. ಕಾಗದ ಮಾಡೋ ಮೆಷಿನ್ ತುಕ್ಕು ಹಿಡೀತಿರೋವಾಗ, 2020ರಲ್ಲಿ ಆ ಕಾಡಿನ ಲೀಸನ್ನ ಇನ್ನೂ 40 ವರ್ಷ ಮುಂದಕ್ಕೆ ಹಾಕಿದ್ರು! ಹಳ್ಳಿಯವ್ರು ನಮ್ಮೂರಿಗೆ ಅಕೇಶಿಯಾ ಬೇಡ ಅಂತ ಬೀದಿಗಿಳಿದ್ರು. ಕೆಲಸ ಕೇಳಿದ್ರೆ ಕಾರ್ಖಾನೆ ನಷ್ಟದಲ್ಲಿದೆ, ಕಾಡು ವಾಪಸ್ ಕೇಳಿದ್ರೆ ಕಾರ್ಖಾನೆಗೆ ಮರ ಬೇಕು. ಇಂಥ ತಲೆಗಳಿಗೆ ಹೆಲ್ಮೆಟ್ ಹಾಕ್ಲೇಬೇಕು ಬಿಡಿ.

ಅಭಿವೃದ್ಧಿ ಆಗಿಲ್ಲ ಅಂತ ಮಾತ್ರ ಹೇಳ್ಬೇಡಿ ಮತ್ತೆ. ವಿಐಎಸ್ಎಲ್ ಮುಚ್ಚೋ ಸುದ್ದಿ ಬಂದ ಮರು ತಿಂಗಳೇ, 2023ರ ಫೆಬ್ರವರಿ 27ಕ್ಕೆ, ಶಿವಮೊಗ್ಗ ಹತ್ರ ಸೋಗಾನೆಯಲ್ಲಿ ಏರ್‌ಪೋರ್ಟ್ ಉದ್ಘಾಟನೆ ಆಯ್ತು, ಕಮಲದ ಆಕಾರ, 3.2 ಕಿಲೋಮೀಟರ್ ರನ್‌ವೇ. ಕೆಲಸ ಕೊಡೋಕಾಗಲ್ಲ, ಹೋಗೋಕೆ ದಾರಿ ಮಾಡ್ಕೊಟ್ಟಿದೀವಿ ಅಂತ. ಟಿಕೆಟ್ ರೇಟ್ ನೋಡಿ ನಮ್ ಹುಡುಗ್ರು ರಾತ್ರಿ ಬಸ್ಸಿಗೇ ಹೋದ್ರು.

ನಗು ಬರ್ತಿಲ್ಲ ಈಗ. ಹದಿನೈದ್ ಇಪ್ಪತ್ ವರ್ಷ ಕಾಂಟ್ರಾಕ್ಟಲ್ಲಿ ದುಡಿದು, ಕೆಂಪಗೆ ಕಾದ ಸರಳಿನ ಬಣ್ಣ ನೋಡಿನೇ ಹದ ಹೇಳ್ತಿದ್ದವ್ರು ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಗೇಟ್ ತೆಗೆದು ಹಾಕ್ತಿದಾರೆ. ತಮಿಳ್ರು, ತೆಲುಗ್ರು, ಸಾಬ್ರು, ನಾವು, ಎಲ್ರೂ ಒಂದೇ ಶಿಫ್ಟಲ್ಲಿ ಬೆವರಿ ಕಟ್ಟಿದ ಊರಿದು. ಹೆಂಡ್ತಿ ಮಕ್ಕಳು ಸೋರೋ ಕ್ವಾರ್ಟರ್ಸಲ್ಲಿ ಇದಾರೆ, ಖಾಲಿ ಮಾಡಿ ಅಂತ ಯಾವತ್ತು ನೋಟಿಸ್ ಬರುತ್ತೋ ಗೊತ್ತಿಲ್ಲ. ಇವ್ರಿಗೆ ಭರವಸೆ ಅನ್ನೋದನ್ನ ಎಷ್ಟು ಸಲ ಕೊಟ್ಟು ಕಿತ್ಕೊಳ್ತೀರಿ? ಮುಚ್ಚೋದಾದ್ರೆ ಮುಚ್ಚಿ, ಕೊಡ್ಬೇಕಾಗಿರೋ ದುಡ್ಡು ಕೊಟ್ಟು ಕಳಿಸಿ. ನಡೆಸೋದಾದ್ರೆ ನಡೆಸಿ.

ಮುಂದಿನ ಸಲ ಬರೋ ಸಾಹೇಬ್ರೆ, ಭಾಷಣ ಬೇಡ. ಅದಿರು ಎಲ್ಲಿಂದ, ದುಡ್ಡು ಯಾರ್ದು, ಯಾವ ತಿಂಗಳು ಎಷ್ಟು ಜನಕ್ಕೆ ಕೆಲಸ ಅಂತ ಒಂದು ಹಾಳೆಯಲ್ಲಿ ಬರೆದು ಗೇಟಿಗೆ ಅಂಟಿಸಿ ಹೋಗಿ. ಹಾಳೆ ಮಾತ್ರ ಬರ್ತಾ ನೀವೇ ತನ್ನಿ, ನಮ್ಮಲ್ಲಿ ಈಗ ಮಾಡಲ್ಲ.