ಆ ಸದ್ದು ಮಾತ್ರ ನಮ್ಮದಲ್ಲ

ನಮ್ಮ ಮನೆ ಇರೋದು ಮಾರತ್ತಹಳ್ಳಿ ಕಡೆ. ಬಟ್ಟೆ ಒಣಹಾಕೋಕೆ ಟೆರೇಸಿಗೆ ಹೋದಾಗ ಎಷ್ಟೋ ಸಲ ನಮ್ಮ ದೇಶದಲ್ಲೇ ಮಾಡಿದ ಯುದ್ಧವಿಮಾನ ತೇಜಸ್ ಹಾರಿಹೋಗುತ್ತೆ. ತಲೆ ಎತ್ತಿ ಹುಡುಕೋಷ್ಟರಲ್ಲಿ ವಿಮಾನ ಮಾಯ. ನೀರಿನ ಟ್ಯಾಂಕಿನ ಮುಚ್ಚಳ ಮಾತ್ರ ಇನ್ನೂ ಗಡಗಡ ಅಂತಿರುತ್ತೆ.

2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ತೇಜಸ್‌ಗೆ 62,370 ಕೋಟಿ ರೂಪಾಯಿ ಒಪ್ಪಂದ ಆಯ್ತಲ್ಲ, ಅವತ್ತು ನಮ್ಮ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡ ರಂಪ. "ಈ ದುಡ್ಡಲ್ಲಿ ಎಷ್ಟು ಸರ್ಕಾರಿ ಶಾಲೆ ರಿಪೇರಿ ಆಗ್ತಿತ್ತು" ಅಂದ್ರು ಭಾವ. "ದೇಶದ ವಿಷಯದಲ್ಲಿ ಲೆಕ್ಕ ಕೇಳ್ಬಾರ್ದು" ಅಂದ ಚಿಕ್ಕಪ್ಪನ ಮಗ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಲೆಕ್ಕ ಕೇಳಲೇಬೇಕು. ಆದ್ರೆ ಕೊಟ್ಟಿದ್ದರ ಲೆಕ್ಕದ ಜೊತೆ ಕೊಡದೇ ಇದ್ದದ್ದರ ಲೆಕ್ಕವೂ ಬೇಕು. 1983ರಲ್ಲಿ ತೇಜಸ್ ಯೋಜನೆಗೆ ಸಿಕ್ಕಿದ್ದು 560 ಕೋಟಿ. ಪೂರ್ಣ ಪ್ರಮಾಣದ ಅಭಿವೃದ್ಧಿಗೆ ದುಡ್ಡು ಬಿಟ್ಟಿದ್ದು 1993ರಲ್ಲಿ, ಅದೂ ಕಂತಿನಲ್ಲಿ. ಮೊದಲ ಹಾರಾಟ 2001, ವಾಯುಪಡೆಯಲ್ಲಿ ಮೊದಲ ಸ್ಕ್ವಾಡ್ರನ್ (ವಿಮಾನಗಳ ತಂಡ) 2016. ಮಧ್ಯೆ ಅಣು ಪರೀಕ್ಷೆ, ಅಮೆರಿಕದ ನಿರ್ಬಂಧ ಎಲ್ಲ ಬಂದವು, ನಿಜ. ತೇಜಸ್ ತಯಾರಿಸೋ ಎಚ್‌ಎಎಲ್ ನಿಧಾನವೂ ಸುಳ್ಳಲ್ಲ, ವಾಯುಪಡೆ ಮುಖ್ಯಸ್ಥರೇ ಏರೋ ಇಂಡಿಯಾ ಪ್ರದರ್ಶನದಲ್ಲಿ ಕ್ಯಾಮೆರಾ ಮುಂದೆ ಬೇಸರ ತೋಡಿಕೊಂಡಿದ್ರು.

ನನ್ನ ತಕರಾರು ಇರೋದು ಎಂಜಿನ್ ಬಗ್ಗೆ. ನಮ್ಮ ಓಣಿ ನಡುಗಿಸೋ ಆ ಸದ್ದು ಅಮೆರಿಕದ ಜಿಇ ಕಂಪನಿ ಎಂಜಿನ್ನಿಂದು. 2021ರಲ್ಲಿ 99 ಎಂಜಿನ್‌ಗೆ ಆರ್ಡರ್ ಕೊಟ್ಟೆವು, ಮೊದಲನೇದು ಕೈಗೆ ಬಂದಿದ್ದು 2025ರ ಮಾರ್ಚ್‌ನಲ್ಲಿ. ನಮ್ಮದೇ ಕಾವೇರಿ ಎಂಜಿನ್‌ಗೆ 1989ರಲ್ಲಿ ಮಂಜೂರಾಗಿದ್ದು ಸುಮಾರು 383 ಕೋಟಿ. ಆಮೇಲೆ ಖರ್ಚು ಅದರ ಎಷ್ಟೋ ಪಟ್ಟು ಆಯ್ತು, ಆದ್ರೂ 2008ರಲ್ಲಿ ತೇಜಸ್‌ನಿಂದ ಕಾವೇರಿಯನ್ನ ಬೇರ್ಪಡಿಸಿದ್ರು. ಹಾರಾಟದಲ್ಲಿ ಎಂಜಿನ್ ಪರೀಕ್ಷೆ ಮಾಡೋ ವ್ಯವಸ್ಥೆ ಇಲ್ಲಿರಲಿಲ್ಲ, ರಷ್ಯಾಕ್ಕೆ ಹೊತ್ಕೊಂಡು ಹೋಗಬೇಕಿತ್ತು. ಅಡುಗೆಗೆ ದುಡ್ಡು ಕೊಟ್ಟು ಒಲೆಗೆ ಕೊಡದ ಹಾಗೆ.

ಇದು ಹಳೇ ಚಾಳಿ. 1961ರಲ್ಲಿ ಇದೇ ಬೆಂಗಳೂರಿನಲ್ಲಿ ಮಾರುತ್ ಅನ್ನೋ ಯುದ್ಧವಿಮಾನ ಹಾರಿತ್ತು, ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ. ಮೈಕಟ್ಟು ಚೆಂದ, ಎಂಜಿನ್ ಮಾತ್ರ ಸಾಲದು. ಹೆಚ್ಚು ಶಕ್ತಿಯ ಎಂಜಿನ್ ಮಾಡೋಕೆ ಬ್ರಿಟಿಷರು ಹಣ ಕೇಳಿದಾಗ ಸರ್ಕಾರ ಕೈ ಬಿಗಿ ಹಿಡೀತು. ಪಾಪ, ಮಾರುತ್ ಕೊನೇವರೆಗೂ ಆ ಸಣ್ಣ ಎಂಜಿನ್ ಮೇಲೇ ಏದುಸಿರು ಬಿಡ್ತಾ ಹಾರಿತು.

ಈಗ ಮುಂದಿನ ತಲೆಮಾರಿನ ಯುದ್ಧವಿಮಾನ ಎಎಂಸಿಎಯ ಪರೀಕ್ಷಾ ಮಾದರಿಗಳಿಗೆ 15,000 ಕೋಟಿ ಮಂಜೂರಾಗಿದೆ. ಅವೂ ಶುರುವಿಗೆ ಹಾರೋದು ಜಿಇ ಎಂಜಿನ್ ಮೇಲೇ.

ಇದನ್ನೆಲ್ಲ ಗ್ರೂಪಲ್ಲಿ ಬರೆದೆ. ಚಿಕ್ಕಪ್ಪನ ಮಗ ಬಾವುಟದ ಸ್ಟಿಕ್ಕರ್ ಹಾಕಿ ಸುಮ್ಮನಾದ. ರಾತ್ರಿ ಹತ್ತೂವರೆಗೆ ಭಾವನ ಮೆಸೇಜು: "ಹಾಗಾದ್ರೆ ಆ ಎಂಜಿನ್‌ಗೆ ಎಷ್ಟು ಬೇಕಂತೆ?"