ಸತ್ಯಾಂಶ: ಲೇಸರ್ ಚಿಮಟ ಜೀನ್ ಕೀಳಲ್ಲ
"ಲೇಸರ್ ಚಿಮಟದಲ್ಲಿ ಡಿಎನ್‌ಎ ಹಿಡ್ಕೊಂಡು ಕೆಟ್ಟ ಜೀನ್ ಕಿತ್ತು ಬಿಸಾಕ್ತಾರೆ, ಇದಕ್ಕೇ ನೊಬೆಲ್ ಬಂತು" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ನೊಬೆಲ್ ಬಂದಿದ್ದು ನಿಜ, 2018ರಲ್ಲಿ ಈ ಚಿಮಟ ಕಂಡುಹಿಡಿದ ವಿಜ್ಞಾನಿ ಆರ್ಥರ್ ಆಶ್ಕಿನ್‌ಗೆ, ಆಗ ಅವರಿಗೆ 96 ವರ್ಷ! ಮಿಕ್ಕಿದ್ದು ಮಸಾಲೆ.

ಇಲ್ಲಿ ಬೆಳಕು ಹಿಡಿಯೋದು ಡಿಎನ್‌ಎನ ಅಲ್ಲ, ಸುಮಾರು 1 ಮೈಕ್ರೋಮೀಟರ್ ದಪ್ಪದ ಪ್ಲಾಸ್ಟಿಕ್ ಮಣಿನ. ಮೈಕ್ರೋಸ್ಕೋಪ್ ಲೆನ್ಸಲ್ಲಿ ಲೇಸರನ್ನ ಒಂದು ಚುಕ್ಕಿಗೆ ಫೋಕಸ್ ಮಾಡಿದ್ರೆ ನೀರಲ್ಲಿ ತೇಲ್ತಿರೋ ಮಣಿ ಅಲ್ಲೇ ಸಿಕ್ಕಾಕೊಳ್ಳತ್ತೆ, ಡಿಎನ್‌ಎಯ ಒಂದು ತುದಿ ಆ ಮಣಿಗೆ ಅಂಟಿಸಿರ್ತಾರೆ ಇನ್ನೊಂದು ತುದಿ ಗಾಜಿಗೋ ಬೇರೆ ಮಣಿಗೋ, ಆಮೇಲೆ ಮೆಲ್ಲಗೆ ಎಳೆದು ಬಲ ಎಷ್ಟು ಅಂತ ಅಳೀತಾರೆ. ಸುಮಾರು 65 ಪಿಕೋನ್ಯೂಟನ್‌ಗೆ ಡಿಎನ್‌ಎ ಇದ್ದಕ್ಕಿದ್ದಂಗೆ 1.7 ಪಟ್ಟು ಉದ್ದ ಆಗತ್ತೆ. ಪಿಕೋನ್ಯೂಟನ್ ಅಂದ್ರೆ ಒಂದು ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ನಂಗೆ ಇಷ್ಟ ಆಗೋದು ಕೈನೆಸಿನ್. ಜೀವಕೋಶದೊಳಗೆ ಹಮಾಲಿ ಥರ ಸರಕು ಹೊರೋ ಪ್ರೋಟೀನ್ ಅದು, ಒಂದೊಂದು ಹೆಜ್ಜೆನೂ 8 ನ್ಯಾನೋಮೀಟರ್ ಅಂತ 1993ರಲ್ಲಿ ಕಂಡಿದ್ದು ಇದೇ ಚಿಮಟದಿಂದ.

ಈ ಪ್ರಯೋಗ ಎಲ್ಲ ಲ್ಯಾಬಲ್ಲಿ ಗಾಜಿನ ಮೇಲೆ, ರೋಗಿ ಮೈಯೊಳಗಲ್ಲ. ಜೀನ್ ತಿದ್ದೋದು ಕ್ರಿಸ್ಪರ್ ಅನ್ನೋ ಬೇರೆನೇ ವಿಧಾನ, ಅದರ ನೊಬೆಲ್ 2020ರದ್ದು, ಫಾರ್ವರ್ಡ್ ಬರೆದವರು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದಾರೆ.